12 ವರ್ಷದ ಬರ್ಬನ್ ಯಾಕೆ ಒಗರು? ಮೆಕ್ಕೆಜೋಳದಿಂದ ಪೀಪಾಯಿಯವರೆಗೆ

ರುಚಿಗಾರ:
ಎಲ್ಲರಿಗೂ ನಮಸ್ಕಾರ. ಎರಡು ಪ್ರಶ್ನೆ ಇದೆ. ಸ್ಕಾಚ್‌ನಲ್ಲಿ 12 ವರ್ಷ ಅಂದರೆ ಸಾಮಾನ್ಯ ವಯಸ್ಸು. ಅಮೆರಿಕದ ವಿಸ್ಕಿಯಾದ ಬರ್ಬನ್ ಮಾತ್ರ 12 ದಾಟಿದರೆ ಅನೇಕ ಸಲ ನಾಲಗೆ ಹಿಡಿಯುವಷ್ಟು ಒಗರು, ಮರದ ಹೊಟ್ಟಿನ ವಾಸನೆ. ಇದು ಯಾಕೆ? ಎರಡನೆಯದು, ಒಂದೇ ಡಿಸ್ಟಿಲರಿ, ಒಂದೇ ಧಾನ್ಯದ ಪ್ರಮಾಣ, ಒಂದೇ ವಯಸ್ಸಿನ ಎರಡು ಸಿಂಗಲ್ ಬ್ಯಾರೆಲ್ (ಬೆರಕೆಯಿಲ್ಲದೆ ಒಂದೇ ಪೀಪಾಯಿಯಿಂದ ತುಂಬಿದ) ಬಾಟಲಿಗಳು ಇಷ್ಟು ಬೇರೆ ಬೇರೆ ಯಾಕಿರುತ್ತವೆ? ಎಲ್ಲವೂ ಪೀಪಾಯಿಯದೇ ಕೆಲಸವೋ, ಅದಕ್ಕೂ ಮೊದಲೇ ತೀರ್ಮಾನ ಆಗಿರುತ್ತದೋ? ತಾಪಮಾನ, ಅಳತೆ ಸಮೇತ ಹೇಳಿದರೆ ಉಪಕಾರ.

ಓಕ್‌ಹಲಗೆ:
ಮೊದಲು ಒಗರಿನ ವಿಷಯ. ಅಮೆರಿಕದ ನಿಯಮದಂತೆ ಬರ್ಬನ್ ಅನ್ನಿಸಿಕೊಳ್ಳಲು ಧಾನ್ಯದಲ್ಲಿ ಕನಿಷ್ಠ 51% ಮೆಕ್ಕೆಜೋಳ ಇರಬೇಕು. ಬಟ್ಟಿ ಇಳಿಸುವಾಗ 160 ಪ್ರೂಫ್, ಪೀಪಾಯಿಗೆ ತುಂಬುವಾಗ 125 ಪ್ರೂಫ್ ಮೀರಬಾರದು. ಒಳಗೆ ಸುಟ್ಟ ಹೊಸ ಓಕ್ ಪಾತ್ರೆಗೇ ತುಂಬಬೇಕು. ಬಾಟಲಿಗೆ ಹೋಗುವಾಗ 80 ಪ್ರೂಫ್‌ಗಿಂತ ಕಡಿಮೆ ಇರಬಾರದು. ಬಣ್ಣ, ಪರಿಮಳ ಸೇರಿಸುವ ಹಾಗಿಲ್ಲ. ಅಮೆರಿಕದ ಪ್ರೂಫ್ ಅಂದರೆ ಆಲ್ಕೊಹಾಲ್ ಶೇಕಡಾವಾರಿನ ಎರಡರಷ್ಟು. 125 ಪ್ರೂಫ್ ಎಂದರೆ 62.5%.

ನಿಮ್ಮ ಪ್ರಶ್ನೆಗೆ ಉತ್ತರ ‘ಹೊಸ’ ಅನ್ನುವ ಷರತ್ತಿನಲ್ಲಿದೆ. ಸ್ಕಾಚ್‌ನವರು ಬಹುಪಾಲು ಬಳಸುವುದು ಒಮ್ಮೆ, ಎರಡು ಸಲ, ಮೂರು ಸಲ ತುಂಬಿ ಖಾಲಿ ಮಾಡಿದ ಪೀಪಾಯಿ. ಅದರ ಮರ ತನ್ನಲ್ಲಿದ್ದ ಟ್ಯಾನಿನ್ನು (ಒಗರು ಕೊಡುವ ಅಂಶ), ಬಣ್ಣ ಬಹಳಷ್ಟನ್ನು ಮೊದಲೇ ಬಿಟ್ಟುಕೊಟ್ಟಿರುತ್ತದೆ. ಬರ್ಬನ್‌ಗೆ ಸಿಗುವುದು ಪೂರ್ತಿ ತುಂಬಿದ ಮರ. ಅದರ ಮೇಲೆ, ಬರ್ಬನ್ ಹೆಚ್ಚಾಗಿ ತಯಾರಾಗುವ ಕೆಂಟಕಿ ರಾಜ್ಯದ ಬೇಸಿಗೆ.

ಲೆಕ್ಕ ಹಾಕಿ ನೋಡಿ. 53 ಗ್ಯಾಲನ್, ಅಂದರೆ 200 ಲೀಟರ್ ಪೀಪಾಯಿ. ಮೊದಲ ವರ್ಷ ಒಣ ಮರ ಹೀರಿದ್ದೂ ಆವಿಯಾದದ್ದೂ ಸೇರಿ 10% ಹೋಯಿತು, ಆಮೇಲೆ ವರ್ಷಕ್ಕೆ 4% ಎಂದಿಟ್ಟುಕೊಂಡರೆ 12 ವರ್ಷಕ್ಕೆ ಉಳಿಯುವುದು ಸುಮಾರು 115 ಲೀಟರ್. ಸ್ಕಾಟ್ಲೆಂಡ್‌ನ ತಂಪಿನಲ್ಲಿ ವರ್ಷಕ್ಕೆ 2% ಹೋದರೆ 157 ಲೀಟರ್ ಉಳಿಯುತ್ತದೆ. ಹಾರಿಹೋಗುವುದು ನೀರು ಮತ್ತು ಆಲ್ಕೊಹಾಲ್ ಮಾತ್ರ. ಟ್ಯಾನಿನ್ನು, ಮರದ ಸಕ್ಕರೆ, ಬಣ್ಣ ಹಾರುವುದಿಲ್ಲ, ಉಳಿದ 115 ಲೀಟರಿನಲ್ಲೇ ಗಟ್ಟಿಯಾಗುತ್ತಾ ಕೂರುತ್ತವೆ. ಹಾಗಾಗಿ ವಯಸ್ಸಿನ ಅಂಕಿಯನ್ನು ಗುಣಮಟ್ಟದ ಅಂಕಿ ಎಂದು ಓದುವುದು ಬರ್ಬನ್‌ನಲ್ಲಿ ತಪ್ಪು ದಾರಿ. ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ಪೀಪಾಯಿಗಳಿಗೆ 6ರಿಂದ 10 ವರ್ಷ ಸರಿಯಾದ ಅವಧಿ. ಕೆಳಮಹಡಿಯ ಕೆಲವು ಮಾತ್ರ 12–15ಕ್ಕೆ ಚೆನ್ನಾಗಿ ನಿಲ್ಲುತ್ತವೆ.

ಹುದುಗುಪಾತ್ರೆ:
ಓಕ್‌ಹಲಗೆಯವರ ಲೆಕ್ಕ ಸರಿ. ಆದರೆ ಎಲ್ಲವನ್ನೂ ಪೀಪಾಯಿಯ ಖಾತೆಗೆ ಬರೆಯುವುದನ್ನು ನಾನು ಒಪ್ಪುವುದಿಲ್ಲ. ಫೋರ್ ರೋಸಸ್ ಡಿಸ್ಟಿಲರಿ ನೋಡಿ. ಎರಡು ಧಾನ್ಯ ಪಟ್ಟಿ: ಒಂದರಲ್ಲಿ ಶೇಕಡಾ ಲೆಕ್ಕದಲ್ಲಿ ಮೆಕ್ಕೆಜೋಳ 75, ರೈ (ಗೋಧಿಯಂಥ ಒಂದು ಧಾನ್ಯ) 20, ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 5, ಇನ್ನೊಂದರಲ್ಲಿ 60, 35, 5. ಜೊತೆಗೆ ಐದು ಯೀಸ್ಟ್ ತಳಿ. ಒಟ್ಟು ಹತ್ತು ಬಗೆಯ ಮದ್ಯ. ಪೀಪಾಯಿಯೇ ಎಲ್ಲ ಮಾಡುವುದಾಗಿದ್ದರೆ ಈ ಶ್ರಮ ಯಾರೂ ಪಡುತ್ತಿರಲಿಲ್ಲ. ಮೇಕರ್ಸ್ ಮಾರ್ಕ್‌ನವರು ರೈ ಬಿಟ್ಟು ಗೋಧಿ ಹಾಕುತ್ತಾರೆ: 70 ಜೋಳ, 16 ಚಳಿಗಾಲದ ಕೆಂಪು ಗೋಧಿ, 14 ಮಾಲ್ಟ್. ರೈಯ ಮೆಣಸಿನಂಥ ಖಾರ ಅದರಲ್ಲಿ ಇಲ್ಲದಿರುವುದಕ್ಕೆ ಅದೇ ಕಾರಣ.

ಬೇಯಿಸುವ ಕ್ರಮ ಹೀಗೆ. ಜೋಳವನ್ನು ಹ್ಯಾಮರ್ ಮಿಲ್‌ನಲ್ಲಿ ತರಿ ಹಿಟ್ಟು ಮಾಡಿ ನೀರಿಗೆ ಸೇರಿಸಿ ಕುದಿಯುವ ಮಟ್ಟಕ್ಕೆ, 100 ಡಿಗ್ರಿ ಸೆಲ್ಸಿಯಸ್ ಹತ್ತಿರ, ಅರ್ಧ ಗಂಟೆಯಷ್ಟು ಹಿಡಿಯುತ್ತಾರೆ. ಕೆಲವರು ಒತ್ತಡದ ಕುಕ್ಕರಿನಲ್ಲಿ ಇನ್ನೂ ಮೇಲಕ್ಕೆ ಹೋಗುತ್ತಾರೆ. ಜೋಳದ ಪಿಷ್ಟ ಗಟ್ಟಿ ಕಣಗಳಲ್ಲಿ ಬಂದಿಯಾಗಿರುವುದರಿಂದ ಇಷ್ಟು ಶಾಖ ಬೇಕು. ಆಮೇಲೆ 77 ಡಿಗ್ರಿಗೆ ಇಳಿಸಿ ರೈ ಅಥವಾ ಗೋಧಿ, 63–65ಕ್ಕೆ ಇಳಿಸಿ ಮಾಲ್ಟ್‌ನ ಮುಖ್ಯ ಪಾಲು. ಮಾಲ್ಟ್‌ನ ಕಿಣ್ವಗಳು 70 ದಾಟಿದರೆ ಬೇಗ ಕೆಡುತ್ತವೆ, ಆದ್ದರಿಂದ ಅದು ಕೊನೆಗೆ.

ತಪ್ಪುವುದು ಎಲ್ಲಿ? ಒಂದು, ಜೋಳ ಹಾಕುವಾಗಲೇ ಸ್ವಲ್ಪ ಮಾಲ್ಟ್ ಸೇರಿಸದಿದ್ದರೆ ಪಿಷ್ಟ ಉಬ್ಬಿ, ಮುದ್ದೆ ತೊಳಸುವಾಗ ಗಂಟು ಕಟ್ಟುವ ಹಾಗೆ ಗಂಟಾಗುತ್ತದೆ. ತಿರುಗಣೆ ನಿಲ್ಲುತ್ತದೆ, ತಳ ಹಿಡಿಯುತ್ತದೆ. ತಳ ಹತ್ತಿದ ವಾಸನೆ ಬಟ್ಟಿ ಇಳಿಸಿದ ಮೇಲೂ ಹೋಗುವುದಿಲ್ಲ. ಎರಡು, ರೈಯನ್ನು ಬಿಸಿ ಜಾಸ್ತಿ ಇರುವಾಗಲೇ ಸುರಿದರೆ ಅದರ ಅಂಟು ಬಿಟ್ಟು ಲೋಳೆಯಾಗುತ್ತದೆ, ಹುದುಗುವಾಗ ನೊರೆ ಉಕ್ಕಿ ಪಾತ್ರೆಯಿಂದ ಹೊರಗೆ ಬರುತ್ತದೆ. ಮೂರು, ಪಿಷ್ಟ ಪೂರ್ತಿ ಸಕ್ಕರೆಯಾಗಿದೆಯೋ ಇಲ್ಲವೋ ಎಂದು ಅಯೋಡಿನ್ ಹನಿ ಹಾಕಿ ನೋಡದೆ ಮುಂದೆ ಹೋಗುವುದು. ಕಡುನೀಲಿ ಬಂದರೆ ಪಿಷ್ಟ ಉಳಿದಿದೆ ಎಂದರ್ಥ. ಅದು ಯೀಸ್ಟ್‌ಗೆ ಸಿಗುವುದಿಲ್ಲ, ಆಮೇಲೆ ಕಾಲಂನ (ಬಟ್ಟಿ ಇಳಿಸುವ ಎತ್ತರದ ಕಂಬದಂಥ ಪಾತ್ರೆ) ತಟ್ಟೆಗಳಿಗೆ ಮೆತ್ತಿಕೊಳ್ಳುತ್ತದೆ.

ಎಲ್ಲ ಸರಿಯಾದರೆ 25 ಕಿಲೊ ಧಾನ್ಯಕ್ಕೆ ಸುಮಾರು 9ರಿಂದ 9.5 ಲೀಟರ್ ಶುದ್ಧ ಆಲ್ಕೊಹಾಲ್. ಒಂದು ಪೀಪಾಯಿಗೆ 62.5%ರಲ್ಲಿ 125 ಲೀಟರ್ ಶುದ್ಧ ಆಲ್ಕೊಹಾಲ್ ಬೇಕು, ಅಂದರೆ 330–350 ಕಿಲೊ ಧಾನ್ಯ.

ರುಚಿಗಾರ:
ತುಂಬಾ ಉಪಯೋಗವಾಯಿತು. ಲೇಬಲ್ ಮೇಲೆ ‘ಸೋರ್ ಮ್ಯಾಶ್’ ಎಂದು ದೊಡ್ಡದಾಗಿ ಇರುತ್ತದಲ್ಲ, ಅದು ಒಂದು ವಿಶೇಷ ಬಗೆಯೇ? ಸುಣ್ಣದ ಕಲ್ಲಿನ ನೀರಿನ ಬಗ್ಗೆಯೂ ಎಲ್ಲರೂ ಹೇಳುತ್ತಾರೆ. ಅದರಲ್ಲಿ ಹುರುಳಿದೆಯೇ, ಬರೀ ಜಾಹೀರಾತೇ?

ಧಾರವಾಡ_ಕೆಮಿಸ್ಟ್:
ಹುರುಳು ಅದ ರೀ. ಆ ಎರಡೂ ಒಂದಕ್ಕೊಂದು ಕೂಡಿದ ಸಂಗತಿ.

ಕೆಂಟಕಿ ನೀರು ಸುಣ್ಣದಕಲ್ಲಿನ ಪದರಿನೊಳಗ ಸೋಸಿಕೊಂಡು ಬರ್ತದ. ಕ್ಯಾಲ್ಸಿಯಂ ಜಾಸ್ತಿ, ಕಬ್ಬಿಣ ಭಾಳ ಕಡಿಮಿ. ಕಬ್ಬಿಣ ಇದ್ರ ಅದು ಓಕಿನ ಟ್ಯಾನಿನ್ ಜೋಡಿ ಕೂಡಿ ವಿಸ್ಕಿ ಕರ್ರಗ ಮಾಡ್ತದ. ಪೀಪಾಯಿಯೊಳಗ ಒಂದು ಕಬ್ಬಿಣದ ಮೊಳಿ ಬಿದ್ರೂ ಸಾಕು, ಬಣ್ಣ ಕೆಡ್ತದ. ಹಂಗಾಗಿ ಪ್ರೂಫ್ ಇಳಿಸೋ ನೀರಿನೊಳಗ ಕಬ್ಬಿಣ ಇರಲೇಬಾರದು.

ಇನ್ನ ಗಡಸು ನೀರಿಗೆ ಒಂದು ತೊಡಕದ. ಅದರ ಕ್ಷಾರಗುಣ ಮ್ಯಾಶ್‌ನ (ಬೇಯಿಸಿದ ಧಾನ್ಯದ ಗಂಜಿ) ಪಿಎಚ್ ಮ್ಯಾಲೆ ಎತ್ತತದ. ಪಿಎಚ್ ಅಂದ್ರ ಹುಳಿಯ ಅಳತಿ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಮಾಲ್ಟಿನ ಕಿಣ್ವಕ್ಕ ಹಿತ ಆಗೋದು 5.2ರಿಂದ 5.5ರ ನಡುವ. ಅಲ್ಲಿಗೆ ಇಳಿಸಾಕ ಹುಳಿ ಬೇಕು. ಆ ಹುಳಿ ಎಲ್ಲಿಂದ ತರ್ತಾರ ಅಂದ್ರ, ಹಿಂದಿನ ಸಲ ಬಟ್ಟಿ ಇಳಿಸಿದ ಮ್ಯಾಲೆ ಕಾಲಂನ ಬುಡದಾಗ ಉಳಿದ ಆಲ್ಕೊಹಾಲ್ ಇಲ್ಲದ ತಿಳಿಯಿಂದ. ಅದರ ಪಿಎಚ್ 4ರ ಆಸುಪಾಸು. ಮ್ಯಾಶ್‌ನ ಒಟ್ಟು ಅಳತಿಯೊಳಗ 20ರಿಂದ 30% ಅದನ್ನ ಸೇರಸ್ತಾರ. ಇದೇ ಸೋರ್ ಮ್ಯಾಶ್. ಪಿಎಚ್ ಸರಿ ಆಗ್ತದ, ಬ್ಯಾಡಾದ ಬ್ಯಾಕ್ಟೀರಿಯಾ ತಡೀತದ, ಸತ್ತ ಯೀಸ್ಟ್‌ನ ಪೋಷಕಾಂಶ ಹೊಸ ಯೀಸ್ಟ್‌ಗೆ ಸಿಗ್ತದ, ಕುದಿಯೋ ತಿಳಿಯ ಶಾಖಾನೂ ಉಳೀತದ. ಪ್ರಮಾಣ ಮಿತಿ ಮೀರಿದ್ರ ಉಪ್ಪಿನಂಶ, ಆಮ್ಲ ಎರಡೂ ಕೂಡಿ ಯೀಸ್ಟ್ ಮಂದ ಆಗ್ತದ.

ಇವತ್ತು ಹೆಚ್ಚುಕಡಿಮಿ ಎಲ್ಲಾ ದೊಡ್ಡ ಬರ್ಬನ್‌ಗಳೂ ಸೋರ್ ಮ್ಯಾಶೇ. ಲೇಬಲ್ ಮ್ಯಾಲೆ ಬರಿದಿದ್ದಕ್ಕ ವಿಶೇಷ ಅಂತ ತಿಳಕೋಬ್ಯಾಡ್ರಿ. ಜೇಮ್ಸ್ ಸಿ. ಕ್ರೋ ಅನ್ನೋ ಸ್ಕಾಟ್ಲೆಂಡ್ ಮೂಲದವರು 1830ರ ದಶಕದಾಗ ಆಸ್ಕರ್ ಪೆಪ್ಪರ್ ಡಿಸ್ಟಿಲರಿಯೊಳಗ ಇದನ್ನ ಕಂಡುಹಿಡಿದ್ರು ಅಂತ ಭಾಳ ಕಡೆ ಬರೀತಾರ. ಪದ್ಧತಿ ಅವರಕಿಂತ ಮೊದಲ ಇತ್ತು. ಅವರು ಥರ್ಮಾಮೀಟರ್, ಹೈಡ್ರೋಮೀಟರ್ ಹಿಡಿದು ಅದನ್ನ ಅಳತಿಗೆ ತಂದ್ರು. ಪ್ರತಿ ಸಲ ಒಂದೇ ಥರಾ ಮದ್ಯ ಬರೂ ಹಂಗ ಆತು. ಅದೇ ಜಾಗದಾಗ ಈಗ ವುಡ್‌ಫರ್ಡ್ ರಿಸರ್ವ್ ಅದ.

ಹುದುಗುಪಾತ್ರೆ:
ಹುದುಗುವಿಕೆಯನ್ನೂ ಸೇರಿಸಿಬಿಡುತ್ತೇನೆ. ಮ್ಯಾಶ್ ಅನ್ನು 18–24 ಡಿಗ್ರಿಗೆ ತಂಪು ಮಾಡಿ ಯೀಸ್ಟ್ ಹಾಕುತ್ತಾರೆ. ಧಾನ್ಯದ ಸಿಪ್ಪೆ ಸೋಸುವುದಿಲ್ಲ. ಸ್ಕಾಚ್‌ನ ಮಾಲ್ಟ್ ವಿಸ್ಕಿಯಲ್ಲಿ ತಿಳಿ ರಸ ಹುದುಗುತ್ತದೆ, ಇಲ್ಲಿ ಇಡೀ ಗಂಜಿಯೇ. 3ರಿಂದ 5 ದಿನ. ಯೀಸ್ಟ್ ತಾನೇ ಶಾಖ ಹುಟ್ಟಿಸುವುದರಿಂದ ಎರಡನೇ ದಿನಕ್ಕೆ 30–32 ಡಿಗ್ರಿ ಮುಟ್ಟುತ್ತದೆ. ತಂಪು ನೀರಿನ ಸುರುಳಿ ಕೈಕೊಟ್ಟು 35 ದಾಟಿದರೆ ಯೀಸ್ಟ್ ಸೋಲುತ್ತದೆ, ಸಕ್ಕರೆ ಉಳಿಯುತ್ತದೆ, ಆ ಜಾಗಕ್ಕೆ ಬ್ಯಾಕ್ಟೀರಿಯಾ ಬರುತ್ತದೆ. ಸಲೀಸಾಗಿ ಮುಗಿದರೆ 8–10% ಆಲ್ಕೊಹಾಲ್ ಇರುವ, ಹುಳಿಹುಳಿಯಾದ ‘ಬಿಯರ್’ ಸಿಗುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಸ್ವಲ್ಪ ಇದ್ದರೆ ಒಳ್ಳೆಯದೇ. 4–5 ದಿನ ಬಿಟ್ಟಾಗ ಬರುವ ಹಣ್ಣಿನ ಪರಿಮಳಕ್ಕೆ ಅದೂ ಕಾರಣ. ಅಸಿಟಿಕ್ ಬ್ಯಾಕ್ಟೀರಿಯಾ ಹೆಚ್ಚಾದರೆ ಮಾತ್ರ ವಿನೆಗರ್ ವಾಸನೆ, ಇಳುವರಿಯೂ ಕುಸಿತ. ಸೈಪ್ರೆಸ್ ಮರದ ಹಳೆಯ ತೊಟ್ಟಿಗಳು ನೋಡಲು ಚೆಂದ, ಆದರೆ ಮರದ ಸಂದಿಯಲ್ಲಿ ಏನು ಬೆಳೆಯುತ್ತದೆ ಎಂಬುದು ಪೂರ್ತಿ ಹಿಡಿತಕ್ಕೆ ಸಿಗುವುದಿಲ್ಲ. ಸ್ಟೀಲ್ ತೊಟ್ಟಿ ಆವಿಯಿಂದ ಶುದ್ಧವಾಗುತ್ತದೆ. ಎರಡರಿಂದಲೂ ಒಳ್ಳೆಯ ಬರ್ಬನ್ ಬರುತ್ತಿದೆ.

ತಾಮ್ರಕಾಲಂ:
ಬಟ್ಟಿಯ ಭಾಗ ನಾನು ಹೇಳ್ತೀನಿ. ಬರ್ಬನ್‌ನ ದೊಡ್ಡ ಡಿಸ್ಟಿಲರಿಗಳಲ್ಲಿ ಪಾಟ್ ಸ್ಟಿಲ್ (ಹಂಡೆಯಂಥ ಬಟ್ಟಿ ಪಾತ್ರೆ) ಅಪರೂಪ, ಇರೋದು ಎತ್ತರದ ಕಾಲಂ. ಸಿಪ್ಪೆ ಸಮೇತ ಗಂಜಿಯನ್ನ ಪಾಟ್‌ನಲ್ಲಿ ನೇರ ಬೆಂಕಿಗೆ ಇಟ್ಟರೆ ತಳ ಹತ್ತತ್ತೆ. ಕಾಲಂನಲ್ಲಿ ಬಿಯರ್ ಮೇಲಿನಿಂದ ಇಳಿಯತ್ತೆ, ಉಗಿ ಕೆಳಗಿನಿಂದ ಏರತ್ತೆ. ನಡುವೆ ತೂತು ತಟ್ಟೆಗಳ ಸಾಲು. ಪ್ರತಿ ತಟ್ಟೆಯಲ್ಲೂ ಉಗಿ ಸ್ವಲ್ಪ ಸ್ವಲ್ಪ ಆಲ್ಕೊಹಾಲ್ ಎತ್ತಿಕೊಳ್ಳತ್ತೆ. ತುದಿಯಲ್ಲಿ 115–125 ಪ್ರೂಫ್‌ನ ಆವಿ ಸಿಗತ್ತೆ.

ಉಗಿ ಕಡಿಮೆ ಆದರೆ ಬಿಯರ್ ತಟ್ಟೆ ಮೇಲೆ ನಿಲ್ಲದೆ ತೂತಿಂದ ಸುರಿದು ಬುಡಕ್ಕೆ ಹೋಗತ್ತೆ, ಆಲ್ಕೊಹಾಲ್ ತ್ಯಾಜ್ಯದ ಪಾಲು. ಉಗಿ ಹೆಚ್ಚಾದರೆ ಗಂಜಿ ಮೇಲಿನ ತಟ್ಟೆಗೆ ಉಕ್ಕಿ, ಮದ್ಯಕ್ಕೆ ಧಾನ್ಯದ ಕಣ ಸೇರತ್ತೆ. ಬುಡದ ತಿಳಿಯಲ್ಲಿ ಆಲ್ಕೊಹಾಲ್ ಇದೆಯಾ ಅಂತ ಆಗಾಗ ಪರೀಕ್ಷೆ ಮಾಡ್ತಾನೇ ಇರೋದು ಅದಕ್ಕೆ.

ಆಮೇಲೆ ಎರಡನೇ ಸಲ ಡಬ್ಲರ್‌ನಲ್ಲಿ. ಇದು ಪಾಟ್ ಥರದ ತಾಮ್ರದ ಪಾತ್ರೆ, ಮೊದಲ ಮದ್ಯವನ್ನ ದ್ರವ ಮಾಡಿಕೊಂಡು ಮತ್ತೆ ಕಾಯಿಸತ್ತೆ. ಥಂಪರ್ ಅಂದರೆ ಆವಿಯನ್ನ ಹಾಗೇ ದ್ರವದೊಳಗೆ ನುಗ್ಗಿಸೋದು. ಹೊರಬರೋದು ಸಾಮಾನ್ಯವಾಗಿ 130–140 ಪ್ರೂಫ್. ನಿಯಮ 160ರವರೆಗೂ ಬಿಡತ್ತೆ, ಆದರೆ ಅಷ್ಟು ಮೇಲೆ ಹೋದರೆ ಧಾನ್ಯದ ಎಣ್ಣೆ, ಪರಿಮಳ ಎಲ್ಲ ಉದುರಿಹೋಗತ್ತೆ. ಜೋಳದ ಸಿಹಿ, ರೈಯ ಖಾರ ಬೇಕು ಅಂದರೆ ಕೆಳಗೇ ನಿಲ್ಲಿಸಬೇಕು.

ತಾಮ್ರ ಯಾಕೆ ಅಂದರೆ ಗಂಧಕ. ಹುದುಗುವಾಗ ಹುಟ್ಟೋ ಗಂಧಕದ ಸಂಯುಕ್ತಗಳನ್ನ ತಾಮ್ರ ಹಿಡಿದಿಟ್ಟುಕೊಳ್ಳತ್ತೆ. ಪೂರ್ತಿ ಸ್ಟೀಲ್‌ನಲ್ಲಿ ಇಳಿಸಿದರೆ ಬೇಯಿಸಿದ ಕೋಸಿನ ವಾಸನೆ ಬರತ್ತೆ. ತಾಮ್ರ ಹೀಗೆ ಸವೆಯತ್ತೆ, ಅದಕ್ಕೆ ಆವಿ ತಾಗೋ ಭಾಗಗಳನ್ನ ಕಾಲಕಾಲಕ್ಕೆ ಬದಲಿಸ್ತಾರೆ.

ಹೊಸಬ_ಬೆಂಗಳೂರು:
ಸರ್, ಹಾಗಾದರೆ 5 ಲೀಟರಿನ ಚಿಕ್ಕ ಪೀಪಾಯಿ ತಗೊಂಡರೆ ಆರು ತಿಂಗಳಲ್ಲೇ ಆರು ವರ್ಷದ ರುಚಿ ಬರುತ್ತಾ? ಮನೇಲಿ ಮಾಡೋಕೆ ಆಗುತ್ತಾ?

ನಿರ್ವಾಹಕ:
ಮನೆಯಲ್ಲಿ ಬಟ್ಟಿ ಇಳಿಸುವುದಕ್ಕೆ ಪರವಾನಗಿ ಇಲ್ಲದೆ ಇಲ್ಲೂ ಅವಕಾಶವಿಲ್ಲ, ಅಮೆರಿಕದ ಫೆಡರಲ್ ಕಾನೂನಿನಲ್ಲೂ ಇಲ್ಲ. ಆಲ್ಕೊಹಾಲ್ ಆವಿಗೆ ಒಂದು ಕಿಡಿ ಸಾಕು. ಆ ಚರ್ಚೆ ಇಲ್ಲಿ ಬೇಡ. ಚಿಕ್ಕ ಪೀಪಾಯಿಯ ಪ್ರಶ್ನೆ ಒಳ್ಳೆಯದು, ತಿಳಿದವರು ಉತ್ತರಿಸಿ.

ಓಕ್‌ಹಲಗೆ:
ಬರುವುದಿಲ್ಲ. ಪೀಪಾಯಿ ಚಿಕ್ಕದಾದಷ್ಟೂ ಒಂದು ಲೀಟರಿಗೆ ತಾಗುವ ಮರದ ವಿಸ್ತೀರ್ಣ ಹೆಚ್ಚು. ಬಣ್ಣ ಮತ್ತು ಟ್ಯಾನಿನ್ನು ಕೆಲವೇ ತಿಂಗಳಲ್ಲಿ ಬಂದುಬಿಡುತ್ತವೆ. ಆದರೆ ವಯಸ್ಸು ಅಂದರೆ ಮರದಿಂದ ಹೀರುವುದಷ್ಟೇ ಅಲ್ಲ. ಹಲಗೆಯ ಮೂಲಕ ನುಸುಳುವ ಆಮ್ಲಜನಕದಿಂದ ಆಲ್ಕೊಹಾಲ್ ನಿಧಾನಕ್ಕೆ ಬದಲಾಗಬೇಕು, ಆಮ್ಲ ಮತ್ತು ಆಲ್ಕೊಹಾಲ್ ಸೇರಿ ಎಸ್ಟರ್ (ಪರಿಮಳದ ಸಂಯುಕ್ತ) ಆಗಬೇಕು, ಹಸಿ ಮದ್ಯದ ಘಾಟು ಇಂಗಬೇಕು. ಇವುಗಳಿಗೆ ಬೇಕಾಗಿರುವುದು ಕಾಲ. ಚಿಕ್ಕ ಪೀಪಾಯಿಯಲ್ಲಿ ಹೊರಗೆ ಮುದಿ ಬಣ್ಣ, ಒಳಗೆ ಹಸಿ ಮದ್ಯ ಎರಡೂ ಒಟ್ಟಿಗೆ ಸಿಗುತ್ತವೆ. ನಿಯಮ ಪೀಪಾಯಿಯ ಗಾತ್ರದ ಬಗ್ಗೆ ಏನೂ ಹೇಳುವುದಿಲ್ಲ. ಬರೀ ‘ಬರ್ಬನ್’ ಎನ್ನುವುದಕ್ಕೆ ಕನಿಷ್ಠ ಅವಧಿಯೂ ಇಲ್ಲ. ‘ಸ್ಟ್ರೇಟ್’ ಎನ್ನಬೇಕಾದರೆ 2 ವರ್ಷ, 4 ವರ್ಷಕ್ಕಿಂತ ಕಡಿಮೆ ಇದ್ದರೆ ವಯಸ್ಸು ಬರೆಯಲೇಬೇಕು.

ಈಗ ಪೀಪಾಯಿಯ ಕೆಲಸ. ಮರ ಅಮೆರಿಕದ ಬಿಳಿ ಓಕ್. ಅದರ ನಾಳಗಳನ್ನು ಟೈಲೋಸ್ ಎಂಬ ಬೆಳವಣಿಗೆ ಮುಚ್ಚಿರುವುದರಿಂದ ದ್ರವ ಸೋರುವುದಿಲ್ಲ. ಕೆಂಪು ಓಕ್‌ನ ನಾಳಗಳು ತೆರೆದಿರುತ್ತವೆ, ಅದರಲ್ಲಿ ಪೀಪಾಯಿ ಮಾಡಿದರೆ ಸೋರುತ್ತದೆ. ಹಲಗೆಗಳನ್ನು ಬಯಲಿನಲ್ಲಿ ಆರು ತಿಂಗಳಿನಿಂದ ಎರಡು ವರ್ಷದವರೆಗೆ ಪೇರಿಸಿಡುತ್ತಾರೆ. ಮಳೆ ಟ್ಯಾನಿನ್ನು ತೊಳೆಯುತ್ತದೆ, ಶಿಲೀಂಧ್ರ ಮರದ ಕಹಿಯನ್ನು ಒಡೆಯುತ್ತದೆ. ಆಮೇಲೆ ಒಲೆಯಲ್ಲಿ 12% ತೇವಕ್ಕೆ ತರುತ್ತಾರೆ. ಬಯಲಿನ ಕೆಲಸ ಬಿಟ್ಟು ಒಲೆಯಲ್ಲೇ ಒಣಗಿಸಿದ ಮರದಿಂದ ಹಸಿ ಒಗರು ಹೆಚ್ಚು ಬರುತ್ತದೆ. ರುಚಿಗಾರರು ಹೇಳಿದ ಒಗರಿನಲ್ಲಿ ಇದರದೂ ಪಾಲಿರಬಹುದು.

ಮೂವತ್ತು ಚಿಲ್ಲರೆ ಹಲಗೆ, ಎರಡು ಮುಚ್ಚಳ, ಆರು ಉಕ್ಕಿನ ಪಟ್ಟಿ. ಅಂಟಿಲ್ಲ, ಮೊಳೆಯಿಲ್ಲ. ಹಬೆಯಲ್ಲಿ ಮೆತ್ತಗಾದ ಹಲಗೆಗಳನ್ನು ಎಳೆದು ಬಿಗಿದು, ಒಳಗೆ ಬೆಂಕಿ ಹಚ್ಚುತ್ತಾರೆ. ಸುಡುವುದಕ್ಕೆ ನಾಲ್ಕು ದರ್ಜೆ ಚಾಲ್ತಿಯಲ್ಲಿವೆ: ಒಂದನೆಯದು ಸುಮಾರು 15 ಸೆಕೆಂಡು, ಎರಡನೆಯದು 30, ಮೂರನೆಯದು 35, ನಾಲ್ಕನೆಯದು 55. ನಾಲ್ಕರಲ್ಲಿ ಇದ್ದಿಲು ಬಿರುಕು ಬಿಟ್ಟು ಮೊಸಳೆಯ ಚರ್ಮದಂತೆ ಕಾಣುತ್ತದೆ. ವೈಲ್ಡ್ ಟರ್ಕಿ ಬಳಸುವುದು ಅದನ್ನೇ. ಸುಟ್ಟ ಮೇಲೆ ಸ್ವಲ್ಪ ನೀರು ಹಾಕಿ ಗಾಳಿ ಒತ್ತಿ ಸೋರಿಕೆ ನೋಡುತ್ತಾರೆ. ಹುಳು ಕೊರೆದ ತೂತಿದ್ದರೆ ಮರದ ಚಿಕ್ಕ ಬೆಣೆ ಬಡಿದರೆ ಸಾಕು. ಹಲಗೆ ಸೀಳಿದ್ದರೆ ಅದನ್ನೇ ಬದಲಿಸಬೇಕು.

ಒಂದು ಎಚ್ಚರಿಕೆ ಹೇಳಲೇಬೇಕು. ಖಾಲಿ ಪೀಪಾಯಿಯನ್ನು ಒಣ ಜಾಗದಲ್ಲಿ ತಿಂಗಳುಗಟ್ಟಲೆ ಇಟ್ಟರೆ ಹಲಗೆ ಕುಗ್ಗಿ ಪಟ್ಟಿ ಸಡಿಲವಾಗುತ್ತದೆ. ಹಾಗಾದಾಗ ಬಿಸಿನೀರು ತುಂಬಿ ಮರ ಉಬ್ಬುವವರೆಗೆ ಬಿಟ್ಟು, ಸೋರಿಕೆ ನಿಂತ ಮೇಲಷ್ಟೇ ಮದ್ಯ ತುಂಬಬೇಕು. ಹೀಗೆ ನೋಡದೆ ತುಂಬಿದ ಚಿಕ್ಕ ಡಿಸ್ಟಿಲರಿಗಳು ಪೀಪಾಯಿಗಟ್ಟಲೆ ಮದ್ಯ ನೆಲಕ್ಕೆ ಚೆಲ್ಲಿಕೊಳ್ಳುತ್ತವೆ.

ಧಾರವಾಡ_ಕೆಮಿಸ್ಟ್:
ಸುಟ್ಟಾಗ ಒಳಗ ಏನಾಗ್ತದ ಅನ್ನೋದನ್ನ ನಾ ಹೇಳ್ತೀನಿ. ಮ್ಯಾಲಿನ ಕೆಲವು ಮಿಲಿಮೀಟರ್ ಇದ್ದಿಲಾಗ್ತದ. ಅದು ಗಂಧಕದಂಥ ಕೆಟ್ಟ ವಾಸನಿ ಹಿಡಕೊಳ್ಳೋ ಜರಡಿ. ಬಣ್ಣ, ಸಿಹಿ ಬರೋದು ಮುಖ್ಯವಾಗಿ ಅದರಿಂದ ಅಲ್ಲ, ಅದರ ಹಿಂದಿನ ಪದರಿನಿಂದ. ಅಲ್ಲಿ ಮರ ಸುಟ್ಟಿರೂದಿಲ್ಲ, ಹುರದಂಗ ಕಂದಾಗಿರ್ತದ. ಹೆಮಿಸೆಲ್ಯುಲೋಸ್ ಒಡದು ಸಕ್ಕರಿ, ಕ್ಯಾರಮೆಲ್. ಲಿಗ್ನಿನ್ ಒಡದು ವೆನಿಲಿನ್. ಮರದೊಳಗ ಮೊದಲ ಇದ್ದ ಲ್ಯಾಕ್ಟೋನ್‌ನಿಂದ ತೆಂಗಿನಕಾಯಿ ಪರಿಮಳ. ಖಾಲಿ ಪೀಪಾಯಿ ಹಲಗಿ ಸೀಳಿ ನೋಡಿದ್ರ, ಮದ್ಯ ಎಷ್ಟು ಆಳ ಹೋಗಿತ್ತು ಅನ್ನೋದಕ್ಕ ಒಂದು ಕೆಂಪು ಗೆರಿ ಸಾಫ್ ಕಾಣತದ.

ಹೆಚ್ಚು ಸುಟ್ರ ಹೆಚ್ಚು ರುಚಿ ಅಂತ ಭಾಳ ಮಂದಿ ತಿಳದಾರ. ಹಂಗಲ್ಲ. ಬೆಂಕಿ ಜೋರಾದ್ರ ಲ್ಯಾಕ್ಟೋನ್ ಒಂದಿಷ್ಟು ನಾಶ ಆಗ್ತದ, ಟ್ಯಾನಿನ್ನೂ ಒಡೀತದ. ಅದಕ್ಕ ಕೆಲವರು ಮೊದಲ ಸಣ್ಣ ಉರಿಯೊಳಗ ನಿಧಾನ ಹುರದು, ಆಮ್ಯಾಲೆ ಸುಡ್ತಾರ.

ತಾಮ್ರಕಾಲಂ:
ಎಂಟ್ರಿ ಪ್ರೂಫ್ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಪ್ರಕಾರ ಇವತ್ತಿನ ಬರ್ಬನ್‌ಗೂ 1950ರ ದಶಕದ ಬರ್ಬನ್‌ಗೂ ಇರೋ ದೊಡ್ಡ ವ್ಯತ್ಯಾಸ ಇಲ್ಲಿದೆ. 1962ಕ್ಕೆ ಮೊದಲು ಪೀಪಾಯಿಗೆ ತುಂಬೋ ಮಿತಿ 110 ಪ್ರೂಫ್ ಇತ್ತು. ಆಮೇಲೆ 125ಕ್ಕೆ ಏರಿಸಿದರು.

1000 ಲೀಟರ್ ಶುದ್ಧ ಆಲ್ಕೊಹಾಲ್ ಇದೆ ಅಂದುಕೊಳ್ಳಿ. 125 ಪ್ರೂಫ್‌ಗೆ ತಂದರೆ 1600 ಲೀಟರ್, 8 ಪೀಪಾಯಿ. 110ಕ್ಕೆ ತಂದರೆ 1818 ಲೀಟರ್, 9 ಪೀಪಾಯಿಗಿಂತ ಸ್ವಲ್ಪ ಜಾಸ್ತಿ. ಹತ್ತಿರ ಹತ್ತಿರ 14% ಹೆಚ್ಚು ಪೀಪಾಯಿ, ಗೋದಾಮಲ್ಲಿ ಅಷ್ಟೇ ಹೆಚ್ಚು ಜಾಗ. ಲೆಕ್ಕಪತ್ರ ನೋಡೋರು 125 ಆರಿಸ್ತಾರೆ. ಆದರೆ ಮರದ ಸಕ್ಕರೆ ಕರಗೋದು ನೀರಲ್ಲಿ ಚೆನ್ನಾಗಿ. ಲ್ಯಾಕ್ಟೋನ್, ಲಿಗ್ನಿನ್ ತುಣುಕುಗಳು ಆಲ್ಕೊಹಾಲ್‌ನಲ್ಲಿ. ಕಡಿಮೆ ಪ್ರೂಫ್‌ಗೆ ತುಂಬಿದ್ದು ದುಂಡಗೆ, ಸಿಹಿಯಾಗಿ ಬರತ್ತೆ. ಬಾಟಲಿಗೆ ಹಾಕುವಾಗ ಬೆರೆಸೋ ನೀರೂ ಕಡಿಮೆ, ಅಂದರೆ ಪೀಪಾಯಿಯ ರುಚಿ ತೆಳುವಾಗಲ್ಲ. ಮೇಕರ್ಸ್ ಮಾರ್ಕ್ ಇವತ್ತಿಗೂ 110ಕ್ಕೆ ತುಂಬತ್ತೆ, ವೈಲ್ಡ್ ಟರ್ಕಿ 115ಕ್ಕೆ. ಖರ್ಚು ಗೊತ್ತಿದ್ದೂ ಅದನ್ನ ಬಿಟ್ಟುಕೊಡದೆ ಇರೋದು ದೊಡ್ಡ ಮಾತು.

ಓಕ್‌ಹಲಗೆ:
ತಾಮ್ರಕಾಲಂ ಅವರೇ, 125ಕ್ಕೆ ತುಂಬಿಯೂ ಅತ್ಯುತ್ತಮ ಬರ್ಬನ್ ಮಾಡುವ ಡಿಸ್ಟಿಲರಿಗಳಿವೆ. ಬಫಲೋ ಟ್ರೇಸ್ ಡಿಸ್ಟಿಲರಿ ತನ್ನ ರೈ ಸೇರಿದ ಬರ್ಬನ್‌ಗಳನ್ನು 125ಕ್ಕೇ ತುಂಬುತ್ತದೆ. ಎಂಟ್ರಿ ಪ್ರೂಫ್ ಒಂದನ್ನೇ ಹಿಡಿದು ತೀರ್ಪು ಕೊಡಲು ಬರುವುದಿಲ್ಲ. ಅದು ಗೋದಾಮಿನ ಜೊತೆ ಸೇರಿ ಕೆಲಸ ಮಾಡುತ್ತದೆ.

ಏಳನೇಮಹಡಿ:
ಗೋದಾಮಿನ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ರುಚಿಗಾರರ ಎರಡನೇ ಪ್ರಶ್ನೆಗೆ ಉತ್ತರ ಮುಖ್ಯವಾಗಿ ಇಲ್ಲಿದೆ.

ಕೆಂಟಕಿಯ ಹಳೆಯ ಗೋದಾಮು ಏಳರಿಂದ ಒಂಬತ್ತು ಮಹಡಿಯ ಮರದ ಚೌಕಟ್ಟು, ಹೊರಗೆ ತಗಡು ಅಥವಾ ಇಟ್ಟಿಗೆ. ಪ್ರತಿ ಮಹಡಿಯಲ್ಲೂ ಮೂರು ಸಾಲು ಎತ್ತರಕ್ಕೆ ಪೀಪಾಯಿಗಳು ಅಡ್ಡಡ್ಡ ಮಲಗಿರುತ್ತವೆ. ಇಪ್ಪತ್ತು ಸಾವಿರ ಪೀಪಾಯಿ ಹಿಡಿಯುವ ಕಟ್ಟಡಗಳು ಸಾಮಾನ್ಯ. ಒಂದೊಂದೂ 230 ಕಿಲೊ ಆಸುಪಾಸು. ಕಟ್ಟಡದ ಎರಡೂ ಬದಿಗೆ ಭಾರ ಸಮವಾಗಿ ಹೋಗದಿದ್ದರೆ ಚೌಕಟ್ಟು ವಾಲುತ್ತದೆ, ಅದಕ್ಕೇ ಎಷ್ಟೋ ಗೋದಾಮುಗಳಲ್ಲಿ ತೂಗುಗುಂಡು ಕಟ್ಟಿರುತ್ತಾರೆ. 2018ರಲ್ಲಿ ಬಾರ್ಡ್ಸ್‌ಟೌನ್‌ನ ಬಾರ್ಟನ್ ಡಿಸ್ಟಿಲರಿಯ ಒಂದು ಗೋದಾಮು ಜೂನ್‌ನಲ್ಲಿ ಅರ್ಧ, ಜುಲೈನಲ್ಲಿ ಉಳಿದರ್ಧ ಕುಸಿಯಿತು. ಅದೇ ಊರಿನ ಹೆವನ್ ಹಿಲ್‌ನಲ್ಲಿ 1996ರ ನವೆಂಬರ್‌ನಲ್ಲಿ ಬೆಂಕಿ ಬಿದ್ದು 7 ಗೋದಾಮು, ಸುಮಾರು 90,000 ಪೀಪಾಯಿ ಸುಟ್ಟುಹೋದವು.

ಪೀಪಾಯಿ ಉರುಳಿಸುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ಬಿರಡೆ ಹಲಗೆಯ ಹೊಟ್ಟೆಯ ಭಾಗದಲ್ಲಿರುತ್ತದೆ. ಕೊನೆಗೆ ಪೀಪಾಯಿ ನಿಲ್ಲುವ ಜಾಗದಲ್ಲಿ ಬಿರಡೆ ನೆತ್ತಿಗೆ ಬರಬೇಕು, ಇಲ್ಲವಾದರೆ ಅಲ್ಲೇ ಸೋರುತ್ತದೆ. ಒಳಗಿನ ಜಾಗಕ್ಕೆ ಇನ್ನೆಷ್ಟು ಸುತ್ತು ಉರುಳಬೇಕು ಎಂದು ಲೆಕ್ಕ ಹಾಕಿ, ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಬಿರಡೆಯನ್ನು ಓರೆಯಿಟ್ಟು ಕೈ ಬಿಡುತ್ತಾರೆ. ಹಳಿಯ ಮೇಲೆ ಉರುಳಿ ನಿಂತಾಗ ಬಿರಡೆ ಸರಿಯಾಗಿ 12 ಗಂಟೆಗೆ ಬಂದಿರುತ್ತದೆ.

ಈಗ ಮಹಡಿಗಳ ವ್ಯತ್ಯಾಸ. ಬೇಸಿಗೆಯಲ್ಲಿ ಮೇಲಿನ ಮಹಡಿ 40 ಡಿಗ್ರಿ ದಾಟುತ್ತದೆ, ಗಾಳಿ ಒಣ. ಬಿಸಿಗೆ ಮದ್ಯ ಹಿಗ್ಗಿ ಮರದೊಳಗೆ ನುಗ್ಗುತ್ತದೆ, ಚಳಿಗೆ ಕುಗ್ಗಿ ಹೊರಬರುತ್ತದೆ, ಬರುವಾಗ ಬಣ್ಣ, ಸಕ್ಕರೆ, ಟ್ಯಾನಿನ್ನು ಹೊತ್ತು ತರುತ್ತದೆ. ಒಣ ಗಾಳಿಯಲ್ಲಿ ಆಲ್ಕೊಹಾಲ್‌ಗಿಂತ ನೀರು ಬೇಗ ಹೊರಹೋಗುವುದರಿಂದ ಪ್ರೂಫ್ ಏರುತ್ತದೆ. 125ಕ್ಕೆ ಒಳಹೋದದ್ದು 140 ದಾಟಿ ಹೊರಬರುವುದುಂಟು. 140 ದಾಟಿದ ಬಾಟಲಿಯನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ಕೊಳ್ಳುವವರು ಗಮನಿಸಿ. ಕೆಳಮಹಡಿ ತಂಪು, ತೇವ. ಅಲ್ಲಿ ಪ್ರೂಫ್ ಹಾಗೇ ಉಳಿಯುತ್ತದೆ ಅಥವಾ ತುಸು ಇಳಿಯುತ್ತದೆ, ಮರದ ಕೆಲಸ ನಿಧಾನ. ಎಂಟು ವರ್ಷದ ಎರಡು ಪೀಪಾಯಿ, ಒಂದು ಏಳನೇ ಮಹಡಿಯ ಗೋಡೆ ಪಕ್ಕದ್ದು, ಇನ್ನೊಂದು ಎರಡನೇ ಮಹಡಿಯ ನಡುವಿನದು, ಬೇರೆ ಬೇರೆ ಮದ್ಯವೇ ಸರಿ.

ಇದನ್ನು ನಿಭಾಯಿಸುವ ದಾರಿಗಳೂ ಬೇರೆ ಬೇರೆ. ಮೇಕರ್ಸ್ ಮಾರ್ಕ್ ಪೀಪಾಯಿಗಳನ್ನು ಮೇಲಿಂದ ಕೆಳಗೆ ಸ್ಥಳ ಬದಲಿಸುತ್ತದೆ, ಕೂಲಿ ಖರ್ಚು ಜಾಸ್ತಿ. ಫೋರ್ ರೋಸಸ್ ಒಂದೇ ಅಂತಸ್ತಿನ ಗೋದಾಮು ಕಟ್ಟಿಕೊಂಡಿದೆ. ಬ್ರೌನ್-ಫೋರ್ಮನ್ ಚಳಿಗಾಲದಲ್ಲಿ ಉಗಿಯಿಂದ ಗೋದಾಮು ಬಿಸಿ ಮಾಡಿ ಮದ್ಯ ಮಲಗದಂತೆ ನೋಡಿಕೊಳ್ಳುತ್ತದೆ. ಉಳಿದವರು ಎಲ್ಲ ಮಹಡಿಯ ಪೀಪಾಯಿಗಳನ್ನು ಬೆರೆಸಿ ಒಂದು ಹದಕ್ಕೆ ತರುತ್ತಾರೆ. ಸಿಂಗಲ್ ಬ್ಯಾರೆಲ್‌ನಲ್ಲಿ ಆ ಬೆರಕೆ ಇಲ್ಲ, ವ್ಯತ್ಯಾಸ ನೇರವಾಗಿ ನಿಮ್ಮ ಲೋಟಕ್ಕೆ ಬರುತ್ತದೆ.

ಗೋದಾಮುಗಳ ಸುತ್ತಲಿನ ಮರ, ಗೋಡೆಗಳ ಮೇಲಿನ ಕಪ್ಪು ಮಸಿ ಬಾಡೋಯಿನಿಯಾ ಎಂಬ ಶಿಲೀಂಧ್ರ. ಹಾರಿಹೋದ ಆಲ್ಕೊಹಾಲ್ ಆವಿಯೇ ಅದಕ್ಕೆ ಆಹಾರ. ಅಕ್ಕಪಕ್ಕದ ಮನೆಯವರ ದೂರು ನ್ಯಾಯವಾದದ್ದು, ಮನೆಯ ಗೋಡೆ ಎಷ್ಟು ತೊಳೆದರೂ ಮತ್ತೆ ಕಪ್ಪಾಗುತ್ತದೆ.

ಹೊಸಬ_ಬೆಂಗಳೂರು:
ಹಾಗಾದರೆ ನಮ್ಮ ಬೆಂಗಳೂರಲ್ಲಿ ಎಷ್ಟು ಹಾರಿಹೋಗುತ್ತೆ? ಇಲ್ಲಿನ ಅಮೃತ್ ವಿಸ್ಕಿಯವರು ಬಳಸೋದು ಬರ್ಬನ್ ಪೀಪಾಯಿನೇ ಅಲ್ವಾ?

ಓಕ್‌ಹಲಗೆ:
ಹೌದು, ಮುಖ್ಯವಾಗಿ ಅವೇ. ಬರ್ಬನ್‌ಗೆ ಪೀಪಾಯಿ ಮತ್ತೆ ಬಳಸುವಂತಿಲ್ಲದ ಕಾರಣ ಒಮ್ಮೆ ಖಾಲಿಯಾದವು ಸ್ಕಾಟ್ಲೆಂಡ್‌ಗೆ, ಮೆಕ್ಸಿಕೊಗೆ, ಅಮೃತ್ ಡಿಸ್ಟಿಲರಿ ಇರುವ ನಮ್ಮ ಮೈಸೂರು ರಸ್ತೆಯ ಕಂಬೀಪುರಕ್ಕೂ ಬರುತ್ತವೆ. ಬೆಂಗಳೂರಿನಲ್ಲಿ ವರ್ಷಕ್ಕೆ 10–12% ಹಾರಿಹೋಗುತ್ತದೆ. 11% ಎಂದುಕೊಂಡರೆ ನಾಲ್ಕು ವರ್ಷಕ್ಕೆ 200 ಲೀಟರಿನಲ್ಲಿ ಉಳಿಯುವುದು 125 ಲೀಟರ್. ಕೆಂಟಕಿಯಲ್ಲಿ ಅಷ್ಟು ಕಡಿಮೆಯಾಗಲು ಹತ್ತು ವರ್ಷದ ಆಸುಪಾಸು ಬೇಕು. ಇಲ್ಲಿನ ಮಾಲ್ಟ್ ವಿಸ್ಕಿ ವಯಸ್ಸು ಬರೆಯದೆ ಮಾರಾಟವಾಗುವುದರಲ್ಲಿ ಏನೂ ಕೊರತೆ ಇಲ್ಲ. ಹಾಗಂತ ಅದು ಹತ್ತು ವರ್ಷದ್ದಕ್ಕೆ ಸಮ ಎನ್ನುವುದೂ ಸರಿಯಲ್ಲ. ಆವಿಯಾಗುವ ವೇಗ ಹೆಚ್ಚಿದ ಮಾತ್ರಕ್ಕೆ ಎಸ್ಟರ್ ಕಟ್ಟುವ ಕೆಲಸ ಅಷ್ಟೇ ಪಟ್ಟು ವೇಗವಾಗುವುದಿಲ್ಲ.

ರುಚಿಗಾರ:
ಕೊನೆಯ ಪ್ರಶ್ನೆ. ಬಾಟಲಿ ಕೊಳ್ಳುವಾಗ ಇದೆಲ್ಲ ಲೇಬಲ್‌ನಿಂದ ಎಷ್ಟು ಗೊತ್ತಾಗುತ್ತದೆ?

ತಾಮ್ರಕಾಲಂ:
ಸಾಕಷ್ಟು. ‘ಬಾಟಲ್ಡ್ ಇನ್ ಬಾಂಡ್’ ಅಂತ ಇದ್ದರೆ 1897ರ ಕಾಯ್ದೆ ಅನ್ವಯ: ಒಂದೇ ಡಿಸ್ಟಿಲರಿ, ಒಂದೇ ಋತು (ಜನವರಿ–ಜೂನ್ ಅಥವಾ ಜುಲೈ–ಡಿಸೆಂಬರ್), ಕನಿಷ್ಠ 4 ವರ್ಷ, ಸರಿಯಾಗಿ 100 ಪ್ರೂಫ್. ಕೊಟ್ಟ ದುಡ್ಡಿಗೆ ಇಷ್ಟು ಖಾತರಿ ಕೊಡೋ ಲೇಬಲ್ ಬೇರೆ ಇಲ್ಲ. ಅದರ ಮೇಲೆ ಡಿಎಸ್‌ಪಿ ಸಂಖ್ಯೆ (ಡಿಸ್ಟಿಲರಿಯ ಸರ್ಕಾರಿ ನೋಂದಣಿ ಸಂಖ್ಯೆ) ಇರತ್ತೆ, ಬಟ್ಟಿ ಇಳಿಸಿದ್ದು ಯಾರು ಅಂತ ಅದರಿಂದ ಹಿಡೀಬಹುದು. ಡಿಎಸ್‌ಪಿ-ಕೆವೈ-113 ಇದ್ದರೆ ಬಫಲೋ ಟ್ರೇಸ್. ‘ಸ್ಮಾಲ್ ಬ್ಯಾಚ್’ಗೆ ಕಾನೂನಲ್ಲಿ ವ್ಯಾಖ್ಯೆ ಇಲ್ಲ, ಇಪ್ಪತ್ತು ಪೀಪಾಯಿನೂ ಆಗಬಹುದು, ಇನ್ನೂರೂ ಆಗಬಹುದು. ಹಿಂಬದಿಯಲ್ಲಿ ‘ಡಿಸ್ಟಿಲ್ಡ್ ಇನ್’ ಅಂತ ಬೇರೆ ರಾಜ್ಯದ ಹೆಸರಿದ್ದರೆ ಆ ಕಂಪನಿ ಮದ್ಯವನ್ನ ಕೊಂಡು ತಂದಿದೆ ಅಂತ ಅರ್ಥ. ಅದರಿಂದಲೇ ಕೆಟ್ಟದು ಅಂತ ಆಗಲ್ಲ, ಆದರೆ ಮುಂಬದಿಯ ಕುಟುಂಬದ ಕಥೆ ನಂಬಬೇಡಿ.

ಏಳನೇಮಹಡಿ:
ಸಿಂಗಲ್ ಬ್ಯಾರೆಲ್ ಬಾಟಲಿಗಳ ಮೇಲೆ ಕೆಲವರು ಗೋದಾಮು, ಮಹಡಿಯ ಗುರುತನ್ನೂ ಬರೆಯುತ್ತಾರೆ. ಒಗರು ಆಗದವರು 8 ವರ್ಷಕ್ಕಿಂತ ಮೇಲಿನದನ್ನು ಕೊಳ್ಳುವಾಗ ಕೆಳಗಿನ ಅಥವಾ ನಡುವಿನ ಮಹಡಿಯದನ್ನು ಹುಡುಕಿ. ‘ಚಿಲ್ ಫಿಲ್ಟರ್ ಮಾಡಿಲ್ಲ’ (ತಂಪು ಮಾಡಿ ಸೋಸಿಲ್ಲ) ಎಂದಿದ್ದರೆ, 46%ಗಿಂತ ಕೆಳಗೆ ನೀರು ಬೆರೆಸಿದಾಗ ಅಥವಾ ಮಂಜುಗಡ್ಡೆ ಹಾಕಿದಾಗ ಮಬ್ಬು ಕಟ್ಟುತ್ತದೆ. ಅದು ಧಾನ್ಯ ಮತ್ತು ಮರದಿಂದ ಬಂದ ಕೊಬ್ಬಿನಾಮ್ಲದ ಎಸ್ಟರ್, ಕೆಟ್ಟದ್ದಲ್ಲ. ಬಾಟಲಿ ವಾಪಸ್ ಕೊಡಬೇಡಿ.